ಪುಟ್ಟತಾಯಮ್ಮನ ಹುಲಿಮರಿ

ನಮ್ಮ ಬೀದಿಯಲ್ಲಿ ನವರಾತ್ರಿಗೆ ಮಕ್ಕಳಿಗೆ ವೇಷ ಹಾಕಿಸುವುದನ್ನು ಶುರು ಮಾಡಿದ್ದು ತಾವೇ ಎಂದು ಯುವಕ ಸಂಘದವರು ಬೀಗುತ್ತಾರೆ. ಬೀಗಲಿ. ಬನ್ನಿಮಂಟಪದ ಪಕ್ಕದ ಈ ಬೀದಿಗೆ ಸಂಘ ಬಂದದ್ದು ಮೊನ್ನೆ ಮೊನ್ನೆ. ಶುರು ಮಾಡಿದವಳು ನಮ್ಮ ಪಕ್ಕದ ಮನೆಯ ಪುಟ್ಟತಾಯಮ್ಮ, ಅದೂ ಸಂತೋಷಕ್ಕಲ್ಲ, ಹೆದರಿಕೆಗೆ.

ಪುಟ್ಟತಾಯಮ್ಮ ಊದುಬತ್ತಿ ಹೊಸೆಯುತ್ತಿದ್ದಳು. ಇದ್ದಿಲು ಪುಡಿ ಹಿಡಿದು ಅವಳ ಅಂಗೈ ವರ್ಷವಿಡೀ ಕಪ್ಪಗಿರುತ್ತಿತ್ತು. ಗಂಡ ಚಾಮಯ್ಯ ಜಟಕಾ ಓಡಿಸುತ್ತಿದ್ದ. ಸ್ವಾತಂತ್ರ್ಯ ಬಂದ ಎರಡು ವರ್ಷಕ್ಕೆ ಅವರ ಹಿರಿಮಗ ಬೆಟ್ಟಯ್ಯ, ನಾಲ್ಕು ತುಂಬುವ ಮೊದಲೇ, ಜ್ವರದಲ್ಲಿ ಹೋದ. ಮರುವರ್ಷ ಮಹಾಲಯ ಅಮಾವಾಸ್ಯೆಯಲ್ಲಿ ತೀರಿಕೊಂಡವರಿಗೆ ಎಡೆ ಇಡುವಾಗ ಅವನಿಗೂ ಇಷ್ಟದ ಕಜ್ಜಾಯ ಇಟ್ಟಳು. ವಾರ ಕಳೆಯುವುದರೊಳಗೆ ತೊಟ್ಟಿಲಲ್ಲಿದ್ದ ಎರಡನೆಯದೂ ಹೋಯಿತು. ಡಾಕ್ಟರು ಏನೋ ಕಾಯಿಲೆಯ ಹೆಸರು ಹೇಳಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

“ಎಡೆ ಉಣ್ಣಕ್ ಬಂದೋನು ತಮ್ಮನ್ನ ನೋಡ್ಬುಟ್ಟ ಕಣಕ್ಕ,” ಎಂದಳು ನನಗೆ. “ಅಲ್ಲಿ ಒಬ್ನೇ ಅಲ್ವಾ. ಆಟಕ್ಕೆ ಕರ್ಕೊಂಡೋದ.”

“ಹಂಗಾದ್ರೆ ಎಡೆ ಇಡೋದು ನಿಲ್ಸು,” ಎಂದು ಗದರಿದೆ.

“ಹಸ್ಕೊಂಡಿರ್ಲಾ ಅವ್ನು?” ಎಂದಳು. ಇಂಥ ಮಾತಿಗೆಲ್ಲ ಬೈಯುವವಳು ನಾನು. ಅವತ್ತು ಮಾತ್ರ ಅವಳ ಪಕ್ಕ ಕೂತು ಊದುಬತ್ತಿ ಹೊಸೆದೆ.

ಮೂರನೆಯವನು ಸಿದ್ದರಾಜು. ಅವನು ಹೆಜ್ಜೆ ಇಡಲು ಕಲಿತ ವರ್ಷ, ಮಹಾಲಯದ ಬೆಳಿಗ್ಗೆ, ಪುಟ್ಟತಾಯಮ್ಮ ಅವನ ಮೈಗೆಲ್ಲ ಅರಿಸಿನ ಮೆತ್ತಿ ಊದುಬತ್ತಿಯ ಇದ್ದಿಲಿನಿಂದ ಪಟ್ಟೆ ಎಳೆದಳು. ವಿಜಯದಶಮಿ ಕಳೆಯುವವರೆಗೆ ಅವನು ಹುಲಿ. ಹೆಸರು ಹಿಡಿದು ಯಾರೂ ಕರೆಯುವಂತಿಲ್ಲ, ಅವನೂ ಅವಳನ್ನು ಅವ್ವ ಎನ್ನುವಂತಿಲ್ಲ. ಅಣ್ಣ ಹುಡುಕಿಕೊಂಡು ಬಂದರೆ ಮನೆಯಲ್ಲಿ ತಮ್ಮ ಸಿಗಬಾರದು, ಅಷ್ಟೇ. ಬೀದಿಯವರು ನಕ್ಕರು. ಆದರೆ ಒಂದು ಕೂಸನ್ನು ಮಣ್ಣು ಮಾಡಿದ್ದ ಎದುರು ಮನೆ ಬೀರಮ್ಮ ನಗಲಿಲ್ಲ. ಮರುವರ್ಷ ತನ್ನ ಮಗನನ್ನೂ ಹುಲಿ ಮಾಡಿದಳು. ಆಮೇಲೆ ನಕ್ಕವರ ಮಕ್ಕಳೂ ಹಠ ಹಿಡಿದರು. ಸಂಜೆಯಾದರೆ ಹುಲಿಗಳ ಹಿಂಡೇ ಮನೆಮನೆಗೆ ಹೋಗಿ, “ಗೊಂಬೆ ಕೂರ್ಸಿದೀರಾ?” ಎಂದು ಕೇಳಿ ತಿಂಡಿ ಈಸಿಕೊಳ್ಳುತ್ತಿತ್ತು.

ಐವತ್ತೆಂಟರ ಆಯುಧಪೂಜೆಯ ದಿನ ಚಾಮಯ್ಯ ಜಟಕಾಗೆ ಬಾಳೆಕಂದು ಕಟ್ಟಿಕೊಂಡು ಬಾಡಿಗೆಗೆ ಹೋಗಿದ್ದ. ಬೀದಿದೀಪ ಇನ್ನೂ ಹತ್ತಿರಲಿಲ್ಲ. ನಾನು ಪುಟ್ಟತಾಯಮ್ಮನ ಜಗಲಿಯಲ್ಲಿ ಕೂತಿದ್ದೆ, ಅವಳು ಹೊಸ್ತಿಲಲ್ಲಿ ಕೂತು ಮಕ್ಕಳಿಗೆ ಕಜ್ಜಾಯ ಹಂಚುತ್ತಿದ್ದಳು. ಎಲ್ಲರ ಹಿಂದೆ ಒಂದು ಪುಟ್ಟ ಹುಲಿ ನಿಂತಿತ್ತು. ಬೇರೆ ಮಕ್ಕಳ ಬಣ್ಣ ಬೆವರಿಗೆ ಕರಗಿ ಹೊಟ್ಟೆಯ ಮೇಲೆ ಇಳಿದಿತ್ತು. ಇದರ ಪಟ್ಟೆ ಆಗತಾನೇ ಎಳೆದಂತಿತ್ತು. ನೂಕಾಡುತ್ತಿದ್ದ ಮಕ್ಕಳು ಅದರ ಸುತ್ತ ಮಾತ್ರ ಜಾಗ ಬಿಟ್ಟಿದ್ದರು. ಅದರ ಎಡಗಾಲು ಒಳಕ್ಕೆ ತಿರುಗಿತ್ತು. ಬೆಟ್ಟಯ್ಯ ಹುಟ್ಟಿದ್ದೇ ಅಂಥ ಕಾಲಿನಲ್ಲಿ. ಇಷ್ಟು ವರ್ಷ ನೋಡಿ ನೋಡಿ ಅವನೂ ವೇಷ ಕಲಿತಿದ್ದ.

ಪಕ್ಕದ ಬೀದಿಯ ಕೂಸಿರಬೇಕು ಎನ್ನುವವರು ಎನ್ನಲಿ, ಅಲ್ಲಿ ಕೂತಿದ್ದವಳು ನಾನು. ಅದು ಕಜ್ಜಾಯದ ಕಡೆ ನೋಡಲಿಲ್ಲ. ಒಂದೊಂದೇ ಮಗುವಿನ ಮುಖದ ಹತ್ತಿರ ಬಗ್ಗಿ ನೋಡುತ್ತಿತ್ತು. ಆಗಲೇ ಸಿದ್ದರಾಜು ಮೈಮರೆತು, “ಅವ್ವಾ, ನಂಗಿನ್ನೊಂದು,” ಎಂದು ಕೈ ಚಾಚಿದ.

ಪುಟ್ಟ ಹುಲಿ ಅವನತ್ತ ತಿರುಗಿತು.

“ಯಾರ್ಗೋ ಅವ್ವ ಅಂತೀಯ?” ಪುಟ್ಟತಾಯಮ್ಮ ಮಗನ ಕೈ ತಳ್ಳಿದಳು. “ನಿಮ್ಮವ್ವನ್ನ ಕೇಳೋಗು, ನಡಿ.” ಹುಡುಗ ಅಳುತ್ತ ಬೀರಮ್ಮನ ಮನೆಗೆ ಓಡಿದ.

ಹುಲಿ ಈಗ ಅವಳನ್ನೇ ನೋಡುತ್ತಿತ್ತು. ಅವಳು ಹೊಸ್ತಿಲಿಗೆ ಅಡ್ಡವಾಗಿ ಸರಿದು ಕೂತು ಕಜ್ಜಾಯ ಚಾಚಿದಳು.

“ನೀನ್ ಯಾರ ಮನೆ ಕೂಸಪ್ಪ? ಈ ಮನೇಲಿ ಮಕ್ಳಿಲ್ಲ ಕಣಪ್ಪ. ತಗೊಂಡು, ಕತ್ಲಾಗೋಕ್ ಮುಂಚೆ ನಿಮ್ಮನೆ ಸೇರ್ಕೊ.”

ಅದು ಕಜ್ಜಾಯ ಈಸಿಕೊಂಡು ಕಾಲೆಳೆಯುತ್ತ ಬನ್ನಿಮಂಟಪದ ಬಯಲಿನ ಕಡೆ ಹೊರಟಿತು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಸಿದ್ದರಾಜು ಉಳಿದನಲ್ಲ ಎಂದು ನಾನು ಅವಳ ಭುಜ ಹಿಡಿದೆ. ಅವಳು ಬಯಲನ್ನೇ ನೋಡುತ್ತಿದ್ದಳು.

“ನನ್ ಗುರ್ತೂ ಸಿಗ್ನಿಲ್ಲ ಕಣಕ್ಕ ಅವ್ನಿಗೆ,” ಎಂದಳು.