ಅರ್ಮಾ ಇಡದ ಆಣೆ

ಜುಬ್ಬಾ ನದಿಯ ದಡದಲ್ಲಿರುವ ನಮ್ಮ ಸೊಮಾಲಿ ಊರಿನಲ್ಲಿ ಆಣೆ ಇಡದೆ ಈರುಳ್ಳಿಯೂ ಮಾರಾಟವಾಗುವುದಿಲ್ಲ. ಅಂಥ ಊರಿಗೆ ಅಮೆರಿಕದ ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಮಿಷನ್ನಿನ ನರ್ಸ್ ಅರ್ಮಾ ಬಂದಳು. ಜೊತೆಗೆ ಪಂಪು ರಿಪೇರಿ ಮಾಡುವ ಗಂಡ ಕ್ಲೇಟನ್, ಇಬ್ಬರು ಹೆಣ್ಣುಮಕ್ಕಳು.

ಮೊದಲ ವರ್ಷವೇ ಒಂಟೆ ಕಾಯುವ ಗುಲೇದ್ ಕಣ್ಣು ಊದಿಸಿಕೊಂಡು ಬಂದ. ಅರ್ಮಾ ಮುಲಾಮು ಕೊಟ್ಟಳು.

"ಇದ್ರಿಂದ ವಾಸಿ ಆಗುತ್ತಾ?"

"ಆಗುತ್ತೆ."

"ಅಲ್ಲಾನ ಮೇಲೆ ಆಣೆ ಇಡು."

"ನಮ್ಮ ಮತದಲ್ಲಿ ಆಣೆ ಇಡಲ್ಲಪ್ಪ. ಆಗುತ್ತೆ ಅಂದ್ನಲ್ಲ, ಅಷ್ಟೇ."

"ನೋಡಿದ್ರಾ, ಇವಳ ಮದ್ದಿನ ಮೇಲೆ ಇವಳಿಗೇ ನಂಬಿಕೆ ಇಲ್ಲ!" ಎಂದು ಗುಲೇದ್ ಮುಲಾಮನ್ನು ಅಲ್ಲೇ ಬಿಸಾಡಿ ಹೋದ. ಆ ಕಣ್ಣು ಹೋಯಿತು.

ಆಮೇಲೂ ಅರ್ಮಾ ಆಣೆ ಇಡಲಿಲ್ಲ. ಹದಿನೇಳು ವರ್ಷವೂ ಇಡಲಿಲ್ಲ. ಉಳಿಯುವ ಮಗುವನ್ನು ಉಳಿಯುತ್ತದೆ ಎಂದಳು. ಉಳಿಯದ ಮಗುವಿನ ತಾಯಿ ಕಾಲು ಹಿಡಿದು ಅತ್ತರೂ, ಇಲ್ಲ ಎಂದೇ ಹೇಳಿದಳು. ಅವಳ ಮಾತು ಸುಳ್ಳಾದದ್ದನ್ನು ನಾನಂತೂ ಕಾಣೆ. ಕೊನೆಗೆ ಗುಲೇದನೇ ಮೊಮ್ಮಗಳನ್ನು ಎತ್ತಿಕೊಂಡು ಅವಳಲ್ಲಿಗೆ ಬಂದ. ಕೊಟ್ಟ ಮದ್ದನ್ನು ಆಣೆ ಕೇಳದೆ ತೆಗೆದುಕೊಂಡು ಹೋದ.

ಮಿಷನ್ ಮುಚ್ಚಿತು, ಆ ಸಂಸಾರ ಊರು ಬಿಟ್ಟಿತು. ಮರುವಾರ ಸಂತೆಯಲ್ಲಿ ಒಂಟೆ ಹಾಲು ಮಾರುವ ಹಾವೀಯ ನನ್ನ ಕೈ ಹಿಡಿದು ನಿಲ್ಲಿಸಿದಳು.

"ತಗೋ ಅಕ್ಕಾ, ಒಂದು ತೊಟ್ಟು ನೀರು ಬೆರೆಸಿಲ್ಲ."

"ದಿನಾ ಅಲ್ಲಾನಾಣೆ ಅಂತೀಯ, ದಿನಾ ನಾನು ನೀರೇ ಕುಡೀತೀನಿ."

"ಇವತ್ತು ಅರ್ಮಾಳ ಆಣೆಗೂ ಇಲ್ಲ!"

ಆ ಹೆಸರು ಕೇಳಿ ಎರಡು ಲೋಟ ಕೊಂಡೆ. ಅರ್ಧ ನೀರೇ ಇತ್ತು.