ಮೂಗಿನ ಮೇಲಿನ ಸಂದಿ

ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು, ಒಂದು ಕೈಯಲ್ಲಿ ಟಿಕೆಟ್ ಹರಿದು, ಇನ್ನೊಂದು ಕೈಯಲ್ಲಿ ಚಿಲ್ಲರೆ ಕೊಟ್ಟು, ಅದರ ಜೊತೆಗೇ ಬಾಯಲ್ಲಿ ಜಗಳವನ್ನೂ ಆಡುತ್ತಿದ್ದ ಹೆಂಗಸು ಅವಳು. ಬಾಗಿಲಲ್ಲಿ ಜೋತುಬಿದ್ದವರನ್ನು ಕಂಡರೆ, "ಒಳಗೆ ಬನ್ನಿ ಸ್ವಾಮಿ, ಹೊರಗೆ ನೇತಾಡಿದ್ರೆ ಟಿಕೆಟ್ ದರ ಕಡಿಮೆ ಆಗಲ್ಲ" ಎಂದು ರಟ್ಟೆ ಹಿಡಿದು ಎಳೆದುಕೊಳ್ಳುತ್ತಿದ್ದಳು. ಅರ್ಧ ಆಯಸ್ಸು ಹೀಗೇ ಕಳೆಯಿತು.

ಕಣ್ಣು ಕೈಕೊಡಲು ಶುರುವಾದಾಗ ಅವಳು ಯಾರ ಮುಂದೂ ಬಾಯಿ ಬಿಡಲಿಲ್ಲ. ನೋಟ ಅಂಚಿನಿಂದ ಮಸುಕಾಗುತ್ತಾ ಬಂತು. ಬರಬರುತ್ತಾ, ಕೊಳವೆಯೊಳಗಿಂದ ಇಣುಕಿದಷ್ಟೇ ಕಾಣತೊಡಗಿತು. ರೂಪಾಯಿ ನೋಟನ್ನು ಬೆರಳಲ್ಲಿ ಸವರಿ, ಮಾಮೂಲಿ ಜನರನ್ನು ಕೆಮ್ಮಿನಿಂದ, ಚಪ್ಪಲಿ ಸದ್ದಿನಿಂದ ಗುರುತು ಹಿಡಿದು, ಹೇಗೋ ಸಂಭಾಳಿಸಿದಳು. ಸಂಭಾಳಿಸುವುದೇ ಜಾಣತನ ಎಂದು ನಂಬಿದ್ದ ಜೀವ. ಒಂದು ದಿನ ಮುದುಕಿಯೊಬ್ಬಳು ಇನ್ನೂ ಮೆಟ್ಟಿಲ ಮೇಲಿರುವಾಗಲೇ ಗಂಟೆ ಬಾರಿಸಿಬಿಟ್ಟಳು. ಡ್ರೈವರ್ ಕನ್ನಡಿಯಲ್ಲಿ ನೋಡಿದ್ದರಿಂದ ಮುದುಕಿ ಬದುಕಿದಳು. ಆಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ.

ಇದು ಇನ್ನೂ ಕುಗ್ಗುತ್ತದೆ, ಒಂದು ದಿನ ಪೂರ್ತಿ ಮುಚ್ಚಿಕೊಳ್ಳುತ್ತದೆ ಎಂದರು ಡಾಕ್ಟರು. ಬಸ್ ಇಲಾಖೆಯವರು ಕೆಲಸ ಕಿತ್ತುಕೊಳ್ಳಲಿಲ್ಲ. ಸರ್ಕಾರದ ಪುನರ್ವಸತಿ ಕೇಂದ್ರಕ್ಕೆ ಹೋಗಿ ತರಬೇತಿ ಮುಗಿಸಿಕೊಂಡು ಬಾ, ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರಿಸುತ್ತೇವೆ ಎಂದರು. ಯಾವ ಬಸ್ಸು ಎಲ್ಲಿಗೆ ಎಂದು ಕೂಗುವ ಕೆಲಸ. ಅವಳ ಗಂಟಲಿಗೆ ಹೇಳಿ ಮಾಡಿಸಿದ ಹಾಗಿತ್ತು.

ಕೇಂದ್ರವೆಂದರೆ ಉದ್ದನೆಯ ಹಳೆಯ ಕಟ್ಟಡ. ಫಿನಾಯಿಲ್ ವಾಸನೆಯ ಓಣಿ, ಗೋಡೆಯುದ್ದಕ್ಕೂ ಹಿಡಿದು ನಡೆಯಲು ಕಂಬಿ. ಒಂದು ಕೋಣೆಯಲ್ಲಿ ಕುರ್ಚಿಗೆ ಬೆತ್ತ ಹೆಣೆಯುವವರು, ಇನ್ನೊಂದರಲ್ಲಿ ಹೊಲಿಗೆ ಯಂತ್ರಗಳು, ಮತ್ತೊಂದರಲ್ಲಿ ಮಾತಾಡುವ ಕಂಪ್ಯೂಟರು. ಕಾಲಿಲ್ಲದವರು, ಕೈ ಸೋತವರು, ಕಣ್ಣಿಲ್ಲದವರು ಎಲ್ಲರೂ ಅಲ್ಲಿ ಹೊಸದಾಗಿ ಕಸುಬು ಕಲಿಯುತ್ತಿದ್ದರು. ಅಲ್ಲಿನ ಒಂದು ಕಟ್ಟಳೆ ಹೊಸಬರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಚೂರುಪಾರು ಕಣ್ಣು ಉಳಿದವರು ಬೆಳಗಿನ ಚಹಾ ಆದಮೇಲೆ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡರೆ, ಸಂಜೆ ಗಂಟೆ ಹೊಡೆಯುವವರೆಗೂ ಬಿಚ್ಚುವಂತಿರಲಿಲ್ಲ. ಅಡುಗೆ, ಊಟ, ನಡಿಗೆ ಎಲ್ಲವೂ ಕತ್ತಲಲ್ಲೇ.

ಕೋಲು ಹಿಡಿದು ನಡೆಯುವುದನ್ನು ಕಲಿಸುವ ಕೋಲು ಮೇಷ್ಟ್ರು ಹುಟ್ಟುಕುರುಡರು. ಮೊದಲ ದಿನವೇ ಅವರು ಹೇಳಿದ್ದರು: "ನಿಮ್ಮಲ್ಲಿ ಉಳಿದಿರೋ ನೋಟ ಬಾಡಿಗೆ ಮನೆ ಇದ್ದ ಹಾಗೆ. ಯಾವತ್ತು ಖಾಲಿ ಮಾಡಿಸ್ತಾರೋ ಗೊತ್ತಿಲ್ಲ. ಅಷ್ಟರೊಳಗೆ ಕೈ, ಕಾಲು, ಕಿವಿಯನ್ನ ಸ್ವಂತ ಮಾಡ್ಕೊಳ್ಳಿ."

"ಮುಂಗಡ ವಾಪಸ್ ಕೊಡ್ತಾರಾ ಸಾರ್?" ಎಂದಳು ಕಂಡಕ್ಟರಮ್ಮ. ಇಡೀ ಕೋಣೆ ನಕ್ಕಿತು. ಮೇಷ್ಟ್ರೂ ನಕ್ಕರು.

ಪಟ್ಟಿಯ ಗುಟ್ಟು ಅವಳಿಗೆ ಸಿಕ್ಕಿದ್ದು ಆ ವಾರವೇ. ಬೆವರು ಒರೆಸಿಕೊಳ್ಳಲು ಪಟ್ಟಿಯನ್ನು ಒಂದಿಷ್ಟು ಮೇಲೆತ್ತಿ ಬಿಟ್ಟಳು. ಅದು ಮೊದಲಿನ ಜಾಗಕ್ಕೆ ಕೂರಲಿಲ್ಲ. ಮೂಗಿನ ಎರಡೂ ಬದಿಯಲ್ಲಿ ಸಣ್ಣ ಸಂದಿ ಉಳಿಯಿತು. ಕಣ್ಣನ್ನು ಕೆಳಗೆ ಹೊರಳಿಸಿದರೆ ಅಂಗೈಯಗಲದ ನೆಲ, ಅದರಲ್ಲಿ ಅವಳ ಚಪ್ಪಲಿಯ ತುದಿ. ಆಹಾ, ಎಂದುಕೊಂಡಳು. ಇವತ್ತೊಂದು ದಿನ, ಮೆಟ್ಟಿಲ ಹತ್ತಿರ ಮಾತ್ರ, ಎಂದುಕೊಂಡಳು. ಆ ಒಂದು ದಿನ ಮುಗಿಯಲೇ ಇಲ್ಲ.

ಮೂಗು ಕೆಳಗೆ ಮಾಡಿ ನಡೆಯುವವಳನ್ನು ಕಂಡವರು ತಲೆ ತಗ್ಗಿಸಿ ನಡೆಯುವ ವಿನಯವಂತೆ ಎಂದುಕೊಂಡರು. ಈರುಳ್ಳಿ ಹೆಚ್ಚುವುದರಲ್ಲಿ ಅವಳೇ ಮುಂದು, ಓಣಿಯ ತಿರುವಿನಲ್ಲಿ ಎಡವದವಳು ಅವಳೊಬ್ಬಳೇ. ಕೊನೆಯ ಪರೀಕ್ಷೆಯೆಂದರೆ ಗೇಟು ದಾಟಿ, ದೊಡ್ಡ ರಸ್ತೆ ದಾಟಿ, ಎದುರಿನ ಅಂಗಡಿಯಲ್ಲಿ ಸೋಪು ಕೊಂಡು ಒಬ್ಬರೇ ವಾಪಸು ಬರುವುದು. ರಸ್ತೆಯಲ್ಲಿ ಮಾತ್ರ ಗದ್ದ ಎತ್ತಿ, ಸಂದಿಯಿಂದಲೇ ವಾಹನ ನೋಡಿಕೊಂಡು ಅವಳು ಹೋಗಿ ಬಂದಳು. ಸೋಪನ್ನು ಮೇಷ್ಟ್ರ ಕೈಗಿಟ್ಟು, "ವಾಸನೆ ನೋಡಿ ಸಾರ್, ಅಸಲಿ ಮಾಲು" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವಳ ಕೋಣೆಯ ಜೊತೆಗಾತಿ ಟೈಲರಕ್ಕ. ಅವಳಿಗಿಂತ ಹತ್ತು ಹನ್ನೆರಡು ವರ್ಷ ಹಿರಿಯಳು. ಕಣ್ಣಿನೊಳಗಿನ ಒತ್ತಡ ಏರಿ, ಒಂದು ಚಳಿಗಾಲದಲ್ಲಿ ಬೆಳಕೆಲ್ಲ ಆರಿಹೋಗಿತ್ತು. ಮೆಲುದನಿಯ ಹೆಂಗಸು. ಹೊಲಿಗೆ ಯಂತ್ರದ ಮುಂದೆ ಕೂತರೆ ಮೊದಲಿನ ಟೈಲರಕ್ಕನೇ. ರಸ್ತೆಯ ಸದ್ದು ಕೇಳಿದರೆ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು. ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಅವಳಿಗೆಂದು ಕೇಂದ್ರದವರು ಒಂದು ಜಾಗ ಗೊತ್ತುಮಾಡಿದ್ದರು. ಒಬ್ಬಳೇ ಹೋಗಿಬರಲು ಕಲಿತರೆ ಮಾತ್ರ ಆ ಜಾಗ. ಇಲ್ಲದಿದ್ದರೆ ಸಾಲಿನಲ್ಲಿ ಮುಂದಿನವರಿಗೆ.

ಸೋಪು ತರಲು ಹೊರಟ ಟೈಲರಕ್ಕ ಗೇಟಿನಿಂದಲೇ ಹಿಂದಿರುಗಿದಳು. ಮರುವಾರ ಮತ್ತೆ ಹೋದಳು, ಮತ್ತೆ ಗೇಟಿನಿಂದಲೇ ವಾಪಸು. ಮೇಷ್ಟ್ರು ತಾಳ್ಮೆಗೆಟ್ಟರು.

"ಕಂಡಕ್ಟರಮ್ಮನೂ ನಿಮ್ಮ ಜೊತೆಗೇ ಸೇರಿದ್ದು ಅಲ್ವೇನಮ್ಮಾ? ಅವರಿಗೆ ಆಗಿದ್ದು ನಿಮಗ್ಯಾಕೆ ಆಗಲ್ಲ? ಮನಸ್ಸು ಮಾಡಬೇಕು."

ಟೈಲರಕ್ಕ ಕೋಣೆಗೆ ಬಂದು ಮಂಚದ ಮೇಲೆ ಬೋರಲು ಬಿದ್ದಳು. ಕಂಡಕ್ಟರಮ್ಮ ಪಕ್ಕ ಕೂತು ಅವಳ ಬೆನ್ನು ಸವರಿದಳು. "ಬಿಡಕ್ಕ, ಅಭ್ಯಾಸ ಆಗುತ್ತೆ, ನನಗೂ ಮೊದಮೊದಲು ಭಯ ಆಗ್ತಿತ್ತು" ಎಂದಳು.  ಸವರುವ ಕೈಯನ್ನು ತೆಗೆಯಲೂ ಆಗಲಿಲ್ಲ, ಇಡಲೂ ಆಗಲಿಲ್ಲ.

ಭಾನುವಾರ ಪಟ್ಟಿಗೆ ರಜೆ. ಮಧ್ಯಾಹ್ನ ಟೈಲರಕ್ಕ ಕಿಟಕಿಯ ಬಳಿ ಕೂತು ಕಂಡಕ್ಟರಮ್ಮನ ಅಂಗಿಗೆ ಗುಂಡಿ ಹಾಕುತ್ತಿದ್ದಳು.

"ತಮ್ಮನಿಗೆ ಫೋನ್ ಮಾಡಿದ್ದೀನಿ ಕಣೇ. ನಾಳೆ ಬಂದು ಕರ್ಕೊಂಡು ಹೋಗ್ತಾನೆ."

"ರಜಾನಾ? ಮಜಾ ಮಾಡು."

"ರಜಾ ಅಲ್ಲ. ಸಾಕು. ಆಸ್ಪತ್ರೆ ಕೆಲಸ ಬೇರೆಯವರಿಗೆ ಹೋಗ್ಲಿ."

"ಹುಚ್ಚಾ ನಿನಗೆ? ಸ್ಟಾಪಿನವರೆಗೆ ಬಂದು ಬಸ್ ಹತ್ತಲ್ಲ ಅಂತೀಯಲ್ಲ."

ಟೈಲರಕ್ಕ ದಾರ ಕಚ್ಚಿ ಹರಿದಳು. "ಮೊದಲೆಲ್ಲ ಕತ್ತಲನ್ನ ಬೈತಿದ್ದೆ. ಕಣ್ಣು ಹೋದವಳ ಕೈಲಿ ಇದೆಲ್ಲ ಆಗಲ್ಲ ಅಂದುಕೊಂಡಿದ್ದೆ. ನಿನ್ನನ್ನ ನೋಡಿದ್ಮೇಲೆ ಆ ನೆಪಾನೂ ಹೋಯ್ತು. ನಿನಗೂ ಅದೇ ಕತ್ತಲು, ನನಗೂ ಅದೇ ಕತ್ತಲು. ನೀನು ದಾಟಿದೆ. ಅಂದ್ಮೇಲೆ ಕೊರತೆ ಕತ್ತಲಲ್ಲಿಲ್ಲ, ನನ್ನಲ್ಲೇ ಇದೆ. ತಗೋ, ಗುಂಡಿ ಗಟ್ಟಿಯಾಗಿದೆ."

ಅಂಗಿ ಕೈಗೆ ಬಂತು. ಕಂಡಕ್ಟರಮ್ಮನಿಗೆ ಮೆಟ್ಟಿಲ ಮೇಲಿದ್ದ ಮುದುಕಿ ನೆನಪಾದಳು. ಅವತ್ತು ಗಂಟೆ ಬಾರಿಸಿದ ಕೈ ಇದೇ. ಬ್ರೇಕ್ ಹಾಕಲು ಇಲ್ಲಿ ಡ್ರೈವರ್ ಇರಲಿಲ್ಲ.

ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದಳು, ಮುಚ್ಚಿದಳು. ಹೇಳಿದರೆ ಮೇಷ್ಟ್ರಿಗೆ ಗೊತ್ತಾಗುತ್ತದೆ. ಮೈಕಿನ ಕೆಲಸಕ್ಕೆ ಕೇಂದ್ರದವರು ಇಲಾಖೆಗೆ ಬಾಯಿಮಾತಲ್ಲಿ ಆಗಲೇ ಹೂಂ ಎಂದಾಗಿತ್ತು, ಅದು ತಪ್ಪುತ್ತದೆ. ಮನೆಯಲ್ಲಿ ಗಂಡ ನೆರೆಹೊರೆಯವರಿಗೆಲ್ಲ ಹೇಳಿಕೊಂಡು ತಿರುಗಿದ್ದಾನೆ. ಹಾಗಾದರೆ ಇನ್ನೊಂದು ದಾರಿ ನೋಡೋಣ, ಎಂದು ಅವಳ ಸಂಭಾಳಿಸುವ ಬುದ್ಧಿ ಕೊನೆಯ ಸಲ ತಲೆ ಎತ್ತಿತು. ಇಷ್ಟು ದಿನ ನಡೆದ ದಾರಿ ತಾನೇ? ಸಂದಿ ಇಲ್ಲದೆಯೂ ನಡೆಯಬಲ್ಲೆ. ನಡೆದುಬಿಟ್ಟರೆ ಸುಳ್ಳು ನಿಜವಾಗುತ್ತದೆ. ಆಮೇಲೆ ಹೇಳುವ ಅಗತ್ಯವೇ ಇರುವುದಿಲ್ಲ.

ಹತ್ತಿಯನ್ನು ಉಂಡೆ ಮಾಡಿ ಮೂಗಿನ ಎರಡೂ ಬದಿಗೆ ತುರುಕಿ, ಅದರ ಮೇಲೆ ಪಟ್ಟಿ ಬಿಗಿದು ಅಂಗಳಕ್ಕೆ ಇಳಿದಳು.

ಬಿಸಿಲಿನ ಶಾಖ ಮುಖಕ್ಕೆ ಬಡಿಯಿತು, ಬೆಳಕು ಮಾತ್ರ ಒಂದು ಎಳೆಯೂ ಇಲ್ಲ. ಕೋಲು ಬೀಸಿದಳು. ಹೂಕುಂಡಕ್ಕೆ ತಗುಲಿತು. ಇಲ್ಲಿ ಹೂಕುಂಡ ಇತ್ತೇ? ದಿನಾ ಇದರ ಪಕ್ಕದಲ್ಲೇ ಹೋಗಿದ್ದಳು, ಕೋಲಿಗೆ ಒಮ್ಮೆಯೂ ತಗುಲಿರಲಿಲ್ಲ. ಯಾಕೆಂದರೆ ಕೋಲನ್ನು ಅವಳು ನೋಡುವವರ ಸಮಾಧಾನಕ್ಕೆ ಮಾತ್ರ ಹಿಡಿದಿದ್ದಳು. ಬಲಕ್ಕೆ ಸರಿದಳು. ಗೋಡೆ. ಎಡಕ್ಕೆ ಸರಿದಳು. ಏನೂ ಇಲ್ಲ. ಆ ಏನೂ ಇಲ್ಲದ್ದೇ ಹೆಚ್ಚು ಹೆದರಿಸಿತು. ಹೊರಗೆ ಲಾರಿಯೊಂದು ಹಾರ್ನ್ ಹೊಡೆಯಿತು. ಎಲ್ಲ ದಿಕ್ಕಿನಿಂದಲೂ ಅದು ತನ್ನ ಮೇಲೇ ಬರುತ್ತಿದೆ ಅನ್ನಿಸಿ, ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲುತ್ತಿದ್ದ ಹೆಂಗಸು ನೆಲ ಹಿಡಿದು ಕೂತುಬಿಟ್ಟಳು.

ಗೇಟಿನ ಕಾವಲುಗಾರ ಓಡಿಬಂದ. "ಏನ್ ಕಂಡಕ್ಟರಮ್ಮ, ಸ್ಟಾಪ್ ಬರೋ ಮುಂಚೇನೇ ಇಳಿದುಬಿಟ್ರಾ?"

ಬೇರೆ ದಿನವಾಗಿದ್ದರೆ ಒಂದಕ್ಕೆ ನಾಲ್ಕು ಕೊಡುತ್ತಿದ್ದಳು. ಇವತ್ತು, "ಗೇಟು ಎಲ್ಲಣ್ಣ?" ಎಂದಳು.

"ತಮಾಷೆ ಮಾಡ್ತೀರಾ? ನಿಮ್ಮ ಮುಂದೇನೇ ಇದೆ. ಕೈ ಚಾಚಿದ್ರೆ ಸಿಗುತ್ತೆ."

ಅವಳು ಕೈ ಚಾಚಲಿಲ್ಲ. ಟೈಲರಕ್ಕ ಕಣ್ಣೇ ಇಲ್ಲದೆ, ಪೂರ್ತಿ ಕತ್ತಲಲ್ಲಿ, ಇಲ್ಲಿವರೆಗೆ ಬಂದಿದ್ದಳು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಅದಕ್ಕೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಟೈಲರಕ್ಕ ಹಿತ್ತಲಿನ ತಂತಿಯಿಂದ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಕಂಡಕ್ಟರಮ್ಮ ಪಟ್ಟಿ ಬಿಚ್ಚಿಕೊಂಡು ಅವಳೆದುರು ಹೋಗಿ ನಿಂತು, ಉಸಿರು ತೆಗೆದುಕೊಳ್ಳದೆ ಹೇಳಿದಳು.

"ಅಕ್ಕ, ನಾನು ಕತ್ತಲಲ್ಲಿ ನಡೆದಿಲ್ಲ. ಪಟ್ಟಿ ಕೆಳಗೆ ಸಂದಿ ಇತ್ತು. ನೋಡ್ಕೊಂಡೇ ನಡೆದಿದ್ದು. ಮೊದಲಿಂದಲೂ. ರಸ್ತೆ ದಾಟಿದ್ದೂ ಹಾಗೇ."

ಟೈಲರಕ್ಕನ ಕೈ ತಂತಿಯ ಮೇಲೇ ನಿಂತಿತು. "ಪಟ್ಟಿ ಕೊಡು."

ಕೊಟ್ಟಳು. ಟೈಲರಕ್ಕ ಬೆರಳಲ್ಲಿ ಅಂಚನ್ನು ಸವರಿದಳು. ತನ್ನ ಮುಖಕ್ಕೇ ಇಟ್ಟುಕೊಂಡು ಮೂಗಿನ ಬದಿಯಲ್ಲಿ ಬೆರಳು ತೂರಿಸಿದಳು. ಬೆರಳು ಸಲೀಸಾಗಿ ಒಳಗೆ ಹೋಯಿತು.

"ನಾನು ಬೋರಲು ಬಿದ್ದು ಅಳುವಾಗ ಬೆನ್ನು ಸವರಿದೆಯಲ್ಲ. ಇದನ್ನೆಲ್ಲ ತಿಳ್ಕೊಂಡೇ ಸವರಿದ್ದಾ?"

"ಹೂಂ."

"ನನಗೂ ಮೊದಮೊದಲು ಭಯ ಆಗ್ತಿತ್ತು ಅಂದೆ."

"ಅಂದೆ ಅಕ್ಕ."

"ಸುಳ್ಳು ಹೇಳಿದ್ದಕ್ಕೆ ಬೇಜಾರಿಲ್ಲ ಕಣೇ. ಎಲ್ಲರೂ ಹೇಳ್ತಾರೆ. ನನ್ನ ಕೈಲಾಗಲ್ಲ ಅಂತ ನಾನೇ ನಂಬೋ ಹಾಗೆ ಮಾಡಿದೆಯಲ್ಲ..."  ಬಟ್ಟೆಯನ್ನೂ ಪಟ್ಟಿಯನ್ನೂ ಒಟ್ಟಿಗೆ ಕಂಕುಳಲ್ಲಿ ಒತ್ತಿಕೊಂಡು, ಗೋಡೆ ಹಿಡಿದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಎಲ್ಲರೂ ಕೂತಿದ್ದ ತರಗತಿಯಲ್ಲಿ ಕಂಡಕ್ಟರಮ್ಮ ಎದ್ದುನಿಂತಳು. ಇಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಹೇಳಿ ಮುಗಿಸಿದಾಗ ಬೆತ್ತ ಹೆಣೆಯುವವರ ಸಾಲಿನಿಂದ ಯಾರೋ "ಥೂ" ಅಂದರು. ಅದು ಅವಳಿಗೆ ಹಿತವಾಗಿಯೇ ಕೇಳಿಸಿತು.

ಮೇಷ್ಟ್ರ ಮುಖ ಕಪ್ಪಿಟ್ಟಿತು. "ನನಗೆ ಗೊತ್ತೇ ಆಗಲಿಲ್ಲ. ನಿಮ್ಮ ಕೋಲಿನ ಸದ್ದು ಹೆಜ್ಜೆಗಿಂತ ತಡವಾಗಿ ಬರ್ತಿತ್ತು. ಜಾಣೆ, ಅವಸರ ಜಾಸ್ತಿ ಅಂದುಕೊಂಡೆ. ನಿಮ್ಮನ್ನ ತೋರಿಸಿ ತೋರಿಸಿ ಇನ್ನೊಬ್ಬರನ್ನ ಹೊಡೆದೆ ನಾನು." ಅವರು ಟೈಲರಕ್ಕ ಇದ್ದ ಕಡೆ ತಿರುಗಿದರು. "ತಪ್ಪಾಯ್ತಮ್ಮ." ಮತ್ತೆ ಕಂಡಕ್ಟರಮ್ಮನ ಕಡೆ ತಿರುಗಿ, "ನಿಮ್ಮ ಇಲಾಖೆಗೆ ಇನ್ನೂ ಆಗಿಲ್ಲ ಅಂತ ತಿಳಿಸ್ತೀನಿ. ಮೊದಲ ಪಾಠದಿಂದ ಶುರು ಮಾಡಿ" ಎಂದರು. ಮೈಕಿನ ಕೆಲಸ ಅಷ್ಟು ದಿನ ಕಾಯುತ್ತದೋ ಇಲ್ಲವೋ ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಅಷ್ಟರಲ್ಲಿ ಟೈಲರಕ್ಕನ ತಮ್ಮ ಬಂದ. ಧಾವಂತದ ಮನುಷ್ಯ. "ಬ್ಯಾಗ್ ಎಲ್ಲಿ ಅಕ್ಕ? ಆಟೋ ನಿಲ್ಸಿದ್ದೀನಿ."

"ಕೂತ್ಕೋ. ನಾನೊಂದು ಸೋಪು ತರಬೇಕು."

"ಸೋಪಾ? ಮನೇಲಿ ಬೇಕಾದಷ್ಟಿದೆ."

"ಬಾಯಿ ಮುಚ್ಕೊಂಡು ಕೂತ್ಕೊಳ್ಳೋ ಅಂದೆ."

ಕೋಲು ಹಿಡಿದು ಹೊರಟಳು. ಮೇಷ್ಟ್ರು ಹತ್ತು ಹೆಜ್ಜೆ ಹಿಂದೆ ತಮ್ಮ ಕೋಲು ತಟ್ಟುತ್ತಾ ನಡೆದರು. ಅಂಗಳದಲ್ಲಿ ಎಲ್ಲರೂ ಕಿವಿಯಾಗಿ ನಿಂತರು. ಗೇಟಿನ ಕಬ್ಬಿಣ ಕಿರುಗುಟ್ಟಿತು. ಕೋಲಿನ ಸದ್ದು ಅಲ್ಲಿ ನಿಂತಿತು. ಕಂಡಕ್ಟರಮ್ಮ ಉಗುರಿನಿಂದ ಅಂಗೈ ಒತ್ತಿಕೊಂಡಳು. ಹೋಗು ಅಕ್ಕ ಎಂದು ಕೂಗಬೇಕೆನ್ನಿಸಿತು. ಕೂಗುವ ಹಕ್ಕು ತನಗೆಲ್ಲಿದೆ ಎಂದು ನುಂಗಿಕೊಂಡಳು. ಸದ್ದು ಮತ್ತೆ ಶುರುವಾಯಿತು, ದೂರವಾಯಿತು.

ಟೈಲರಕ್ಕ ರಸ್ತೆ ದಾಟಲಿಲ್ಲ. ಗೇಟು ದಾಟಿ, ಕಾಲುದಾರಿಯುದ್ದಕ್ಕೂ ಹೋಗಿ, ರಸ್ತೆಯ ಅಂಚಿಗೆ ಕೋಲು ತಾಗಿಸಿ, ಅಲ್ಲಿ ಸುಮಾರು ಹೊತ್ತು ವಾಹನಗಳ ಸದ್ದು ಕೇಳುತ್ತಾ ನಿಂತು ವಾಪಸು ಬಂದಳು. ಅಂಗಿಯ ಬೆನ್ನು ಬೆವರಿನಿಂದ ತೊಯ್ದಿತ್ತು.

"ಸೋಪು ಎಲ್ಲಿ?" ಎಂದ ತಮ್ಮ.

"ಇವತ್ತು ಸಿಗಲಿಲ್ಲ. ಮುಂದಿನ ವಾರ ತರ್ತೀನಿ. ನೀನು ಹೊರಡು, ಆಟೋ ಕಾಯ್ತಿದೆ."

ಊಟಕ್ಕೆ ಟೈಲರಕ್ಕ ಕಂಡಕ್ಟರಮ್ಮನಿಂದ ದೂರ ಹೋಗಿ ಕೂತಳು. ಮಧ್ಯಾಹ್ನ ಕಂಡಕ್ಟರಮ್ಮನ ದಿಂಬಿನ ಮೇಲೆ ಅವಳ ಪಟ್ಟಿ ಇತ್ತು. ಮೂಗಿನ ಜಾಗಕ್ಕೆ ಮೆತ್ತನೆಯ ಬಟ್ಟೆಯನ್ನು ಮಡಿಸಿ, ಸಣ್ಣ ಸಣ್ಣ ಹೊಲಿಗೆಯಲ್ಲಿ ಕೂರಿಸಿತ್ತು. ಕಟ್ಟಿಕೊಂಡು ನೋಡಿದಳು. ಎತ್ತ ಹೊರಳಿಸಿದರೂ ಕಣ್ಣಿಗೆ ಏನೂ ಸಿಗಲಿಲ್ಲ. ಮುಖದ ಅಳತೆ ತೆಗೆದುಕೊಂಡೇ ಹೊಲಿದ ಹಾಗಿತ್ತು. ಈ ಮುಖವನ್ನು ಆ ಬೆರಳುಗಳು ಎಷ್ಟೋ ಸಲ ಅಕ್ಕರೆಯಿಂದ ಸವರಿದ್ದವು.

ಕೋಲು ತೆಗೆದುಕೊಂಡು ಅಂಗಳಕ್ಕೆ ಇಳಿದಳು. ಕುಂಡಕ್ಕೆ ತಗುಲಿದಳು, ಗೋಡೆಗೆ ತಗುಲಿದಳು, ಗೇಟಿನ ತಣ್ಣನೆಯ ಕಬ್ಬಿಣ ಕೈಗೆ ಸಿಕ್ಕಿತು. ರಸ್ತೆಯ ಸದ್ದು ಮೈಮೇಲೆ ಬಂತು. ತಿರುಗಿ ಬಂದು ಮಂಚದ ಮೇಲೆ ಬೋರಲು ಬಿದ್ದಳು.

ಬೆನ್ನ ಮೇಲೆ ಯಾರ ಕೈಯೂ ಬರಲಿಲ್ಲ. ಬರುತ್ತದೆಂದು ಕಾಯುವುದಕ್ಕೂ ಅವಳಿಗೆ ನಾಚಿಕೆಯಾಯಿತು. ಪಕ್ಕದ ಮಂಚದಲ್ಲಿ ಬಟ್ಟೆಯೊಳಗೆ ಸೂಜಿ ಹೋಗಿಬರುವ ಸದ್ದು ಮಾತ್ರ. ಬಹಳ ಹೊತ್ತಿನ ಮೇಲೆ ಆ ಸದ್ದು ನಿಂತಿತು.

"ಮೂಗಿನ ಹತ್ರ ಬಿಗಿ ಆಗ್ತಿದೆಯಾ?"

"ಇಲ್ಲ ಅಕ್ಕ."

"ಹಾಗಿದ್ರೆ ನಾಳೆನೂ ಕಟ್ಕೋ."

ಸೂಜಿಯ ಸದ್ದು ಮತ್ತೆ ಶುರುವಾಯಿತು.