ಎತ್ತರದ ಗಾಡಿ, ಖಡಕ್ ರೊಟ್ಟಿ

ನಮ್ಮ ನವಲಗುಂದ ಕಡೆಯ ಕರಿಮಣ್ಣಿಗೆ ಮಳೆಗಾಲದಲ್ಲಿ ವಿಪರೀತ ಅತಿಥಿಸತ್ಕಾರ. ಬಂದವರನ್ನು ಬಿಡುವುದೇ ಇಲ್ಲ. ಊಟ ಮುಗಿಸಿ ಏಳುವವರ ಕೈ ಹಿಡಿದು ಮತ್ತೆ ಕೂಡಿಸುವ ಸೋದರತ್ತೆಯ ಹಾಗೆ ಅದು ಚಪ್ಪಲಿ ಹಿಡಿಯುತ್ತದೆ, ಸೈಕಲ್ಲು ಹಿಡಿಯುತ್ತದೆ. ಕಳೆದ ಮಳೆಗಾಲದಲ್ಲಿ ನನ್ನ ಪಿಕಪ್ಪನ್ನೂ ಹಿಡಿದುಕೊಂಡಿತು.

ಗಾಡಿಯ ತುಂಬ ಜೋಳದ ಖಡಕ್ ರೊಟ್ಟಿಯಿತ್ತು. ನನ್ನ ಹೆಂಡತಿ ಗಂಗವ್ವ ಅಕ್ಕಪಕ್ಕದ ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ಬಡಿಯುತ್ತಾಳೆ. ನಾನು ಅದನ್ನು ಹುಬ್ಬಳ್ಳಿಯ ಖಾನಾವಳಿಯೊಂದಕ್ಕೆ ಮುಟ್ಟಿಸುತ್ತೇನೆ. ಮನೆ ಹೊಲದಲ್ಲಿರುವುದರಿಂದ ಡಾಂಬರು ರಸ್ತೆ ಸೇರುವವರೆಗೆ ಬರೀ ಎರೆಮಣ್ಣಿನ ದಾರಿ. ಅಂದು ನಡುದಾರಿಯಲ್ಲಿ ಗಾಲಿಗಳು ಹೂತು, ಗಾಡಿಯ ಹೊಟ್ಟೆ ಮಣ್ಣಿನ ದಿಬ್ಬದ ಮೇಲೆ ಕುಕ್ಕರಿಸಿತು. ಟ್ರ್ಯಾಕ್ಟರ್ ಬಂದು ಎಳೆಯುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಖಾನಾವಳಿಯ ಮಾಲಕರು ಫೋನಿನಲ್ಲಿ ಸಿಟ್ಟು ಮಾಡಲಿಲ್ಲ. "ಹಿಂಗಾದ್ರ ಮಳಿಗಾಲ ಮುಗಿಯೂತನಕಾ ಬ್ಯಾರೆ ಕಡೆ ತರಸ್ತೀನ್ರಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಗಂಗವ್ವ ಒಲೆಯ ಮೇಲಿನ ಹಂಚು ಇಳಿಸಿ, "ಆ ಹೆಣ್ಮಕ್ಕಳಿಗೆ ನಾಳೆ ಬರಬ್ಯಾಡ್ರಿ ಅಂತ ನಾ ಹೆಂಗ ಹೇಳ್ಲಿ?" ಎಂದಳು.

"ಗಾಡಿ ಎತ್ತರ ಮಾಡಸೂಣು" ಎಂದೆ ನಾನು, ನಾಳೆಯೇ ಮುಗಿಯುವ ಕೆಲಸವೆಂಬಂತೆ.

ಅಣ್ಣಿಗೇರಿಯಲ್ಲಿ ನಮ್ಮ ಗಾಡಿಯನ್ನು ನೋಡಿಕೊಳ್ಳುವ ಗ್ಯಾರೇಜಿನ ಹಸನಸಾಬರು ಚಹಾ ತರಿಸಿ ಕುಡಿಸಿದರು. ಎತ್ತರ ಮಾಡುವುದರಲ್ಲಿಯೂ ಎರಡು ಪಂಥಗಳಿವೆ ಎಂದು ನನಗೆ ತಿಳಿದದ್ದು ಆಗಲೇ.

"ಬಾಡಿ ಲಿಫ್ಟ್ ಅಂದ್ರ ಚಾಸಿ, ಕೆಳಗಿನ ಕಬ್ಬಿಣದ ಚೌಕಟ್ಟು, ಇದ್ದಲ್ಲೇ ಇರತೈತ್ರಿ, ಮ್ಯಾಲಿನ ಡಬ್ಬಿಗೆ ಅಷ್ಟ ಕೆಳಗ ರಬ್ಬರಿನ ಗಟ್ಟಿ ಕೊಟ್ಟು ಎತ್ತೂದು. ಸ್ಪ್ರಿಂಗ್ ಮೊದಲಿನಂಗ ಮೆತ್ತಗ. ಸಸ್ಪೆನ್ಷನ್ ಲಿಫ್ಟ್ ಅಂದ್ರ ಸ್ಪ್ರಿಂಗ್ ಪಟ್ಟೀನ ಬದಲಿ ಮಾಡಿ ಚಾಸಿ ಸಮೇತ ಎತ್ತೂದು. ದೊಡ್ಡ ಟೈರೂ ಕೂಡತಾವು. ಆದ್ರ ಗಾಡಿ ಅಗದಿ ಬಿರುಸಾಗತೈತಿ."

"ಯಾವುದು ಮಾಡಸಲಿ?"

"ಅದನ್ನ ನೀವ ಹೇಳಬೇಕ್ರಿ. ಯಾವುದರ ಆಗಲಿ, ಆರ್‌ಟಿಒ ಕಚೇರಿಯೊಳಗ ಮೊದಲ ಕೇಳಕೊಂಡು ಬರ್ರಿ."

ಊರಿಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. ಬಾಡಿ ಲಿಫ್ಟ್ ಎಂದರೆ ರುಮಾಲು ಸುತ್ತಿಕೊಂಡ ಹಾಗೆ. ಮನುಷ್ಯ ಎತ್ತರ ಕಾಣುತ್ತಾನೆ, ಫೋಟೊದಲ್ಲಿ ಎದ್ದು ಬರುತ್ತಾನೆ. ಹಳ್ಳ ದಾಟುವಾಗ ಮಾತ್ರ ಧೋತರ ಮೊದಲಿನಷ್ಟೇ ತೋಯುತ್ತದೆ. ಸಸ್ಪೆನ್ಷನ್ ಲಿಫ್ಟ್ ಎಂದರೆ ಕಾಲೇ ಉದ್ದವಾದ ಹಾಗೆ. ಆ ಭಾಗ್ಯ ನನಗಂತೂ ಸಿಕ್ಕಿಲ್ಲ, ಗಾಡಿಗಾದರೂ ಸಿಗಲಿ ಎನಿಸಿತು.

ಅಳ್ನಾವರದಲ್ಲಿ ಬಿದಿರು ಸಾಗಿಸುವ ನನ್ನ ಮೈದುನ ಬಸವಣ್ಣೆಪ್ಪನ ಬಳಿ ಹೀಗೆ ಕಾಲು ಉದ್ದ ಮಾಡಿಸಿದ ಪಿಕಪ್ ಇತ್ತು. ಪರೀಕ್ಷೆಗೆಂದು ಕೇಳಿ ತಂದೆ. ಖಾನಾವಳಿಯವರನ್ನು ಇನ್ನೊಂದು ಅವಕಾಶಕ್ಕೆ ಒಪ್ಪಿಸಿ, ಗಂಗವ್ವನನ್ನೂ ಕೂಡಿಸಿಕೊಂಡು ಹೊರಟೆ. ಗಾಡಿ ಮಣ್ಣಿನಲ್ಲಿ ಕೋಣದಂತೆ ನಡೆಯಿತು. ದಿಬ್ಬ ಹೊಟ್ಟೆಗೆ ತಾಗಲೇ ಇಲ್ಲ. ಮೊನ್ನೆ ಹೂತ ಜಾಗ ದಾಟಿದಾಗ ಗಂಗವ್ವ ಕಿಟಕಿಯಿಂದ ಬಗ್ಗಿ ನೋಡಿ ನಕ್ಕಳು. ನಾನು ಮೀಸೆಯ ಮೇಲೆ ಕೈಯಾಡಿಸಿದೆ.

ಡಾಂಬರು ರಸ್ತೆ ಬಂದ ಮೇಲೆ ಮೀಸೆ ಬಿಟ್ಟು ಸ್ಟೀರಿಂಗ್ ಗಟ್ಟಿಯಾಗಿ ಹಿಡಿಯಬೇಕಾಯಿತು. ಬಿದಿರಿನ ಭಾರಕ್ಕೆಂದೇ ಬಿರುಸು ಮಾಡಿಸಿದ ಸ್ಪ್ರಿಂಗುಗಳಿಗೆ ರೊಟ್ಟಿಯ ಭಾರ ಗೊತ್ತೇ ಆಗಲಿಲ್ಲ. ಪ್ರತಿ ಗುಂಡಿಗೂ ನಾವಿಬ್ಬರೂ ಸೀಟಿನಿಂದ ಎದ್ದು ಕೂತೆವು. ಹುಬ್ಬಳ್ಳಿಯಲ್ಲಿ ಪೆಟ್ಟಿಗೆ ತೆರೆದರೆ ಮೇಲಿನಿಂದ ತಳದವರೆಗೆ ಬರೀ ಚೂರು. ಮಾಲಕರು ಒಂದು ಚೂರು ಬಾಯಿಗೆ ಹಾಕಿಕೊಂಡು, "ರುಚಿ ಛಲೋ ಐತ್ರಿ. ಆದ್ರ ತಾಟಿನ್ಯಾಗ ಹೆಂಗ ಇಡ್ಲಿ?" ಎಂದರು.

ತಿರುಗಿ ಬರುವಾಗ, "ಬಾಡಿ ಲಿಫ್ಟ್ ಮಾಡಸೂಣು, ಸ್ಪ್ರಿಂಗ್ ಮೆತ್ತಗಿರತಾವು" ಎಂದೆ.

"ಮೆತ್ತಗ ಹೋಗಿ ಮಣ್ಣಾಗ ಕೂತ್ರ ಇಡೀ ರೊಟ್ಟಿ ಯಾರಿಗೆ ಕೊಡೂದು? ಮಣ್ಣ ಬಿಟ್ಟತಲ್ಲ, ಅಷ್ಟ ಸಾಕು. ರೊಟ್ಟೀದು ನಾ ನೋಡತೀನಿ" ಎಂದಳು.

ಮನೆಗೆ ಬಂದವಳೇ ಗಟ್ಟಿಯಾದ ಒಂದು ಇಲಕಲ್ ಸೀರೆ ತಂದು, ಗಾಡಿಯ ಹಿಂಭಾಗದಲ್ಲಿ ತಾಡಪತ್ರಿ ಹೊದಿಸುವ ಕಮಾನುಗಳಿಗೆ ಅದರ ತುದಿಗಳನ್ನು ಬಿಗಿದಳು. ಕೂಸು ತೂಗುವ ಜೋಳಿಗೆಯಂತೆ ಇಳಿಬಿದ್ದ ಸೀರೆಯಲ್ಲಿ ರೊಟ್ಟಿಯ ಗಂಟು ಮಲಗಿಸಿ, "ಹತ್ರಿ, ಕುಣೀರಿ" ಎಂದಳು. ನಾನು ಹತ್ತಿ ಕುಣಿದೆ. ರೊಟ್ಟಿ ಬಡಿಯುವ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನೋಡುತ್ತಿದ್ದರು. ಗಾಡಿ ಗಡಗಡ ನಡುಗಿತು. ರೊಟ್ಟಿಯ ಗಂಟು ಮಾತ್ರ ಅತ್ತಿತ್ತ ನಿಧಾನವಾಗಿ ತೂಗಿತು. ಬಿಚ್ಚಿ ನೋಡಿದರೆ ಎಲ್ಲೋ ಒಂದೆರಡರ ಅಂಚು ಮುರಿದಿತ್ತು, ಅಷ್ಟೇ. ಗಂಗವ್ವ ಮತ್ತೆ ಹಂಚು ಏರಿಸಿದಳು.

ಮರುದಿನ ಅದೇ ಗಾಡಿಯಲ್ಲಿ ಅದೇ ದಾರಿ. ಈ ಸಲ ಮಾಲಕರು ರೊಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲವನ್ನೂ ಒಳಗೆ ಇಳಿಸಿಕೊಂಡರು. ಆರ್‌ಟಿಒ ಕಚೇರಿಯಲ್ಲಿ ಕೇಳಿ, ಅವರು ಒಪ್ಪಿದಷ್ಟೇ ಎತ್ತರಕ್ಕೆ ಹಸನಸಾಬರು ನನ್ನ ಗಾಡಿಗೂ ಸಸ್ಪೆನ್ಷನ್ ಲಿಫ್ಟ್ ಮಾಡಿಕೊಟ್ಟ ಮೇಲೆ ಮೈದುನನ ಗಾಡಿ ಅಳ್ನಾವರಕ್ಕೆ ಮರಳಿತು, ಸೀರೆಯ ಜೋಳಿಗೆ ನನ್ನ ಗಾಡಿಗೆ ಬಂತು. ಹೆಂಗಸರು ಆಮೇಲೆ ಒಂದು ದಿನವೂ ಕೆಲಸ ಬಿಡಲಿಲ್ಲ.

ಎತ್ತರದ ಗಾಡಿ ಬಂದ ಮೇಲೆ ಗತ್ತಿನಿಂದ ಓಡಿಸಬಹುದು ಎಂದುಕೊಂಡಿದ್ದೆ. ಆದರೆ ಅದು ತಿರುವಿನಲ್ಲಿ ವಾಲುತ್ತದೆ. ಬಾಜುವಿನ ಸೀಟಿನಲ್ಲಿ ಗಂಗವ್ವ ಬೇರೆ ಇರುತ್ತಾಳೆ. ಮೊನ್ನೆ ಖಾಲಿ ರಸ್ತೆ ಕಂಡು ತುಸು ಜೋರು ಮಾಡಿದೆ. ಅವಳು ಹಿಂದಿನ ಕಿಟಕಿಯಲ್ಲಿ ಇಣುಕಿ ನೋಡಿ, ನನ್ನ ತೋಳು ಮುಟ್ಟಿ, ದನಿ ತಗ್ಗಿಸಿ ಹೇಳಿದಳು:

"ಸಾವಕಾಶ ಹೊಡೀರಿ. ರೊಟ್ಟಿ ಮಲಗ್ಯಾವು."

ನಾನೂ ದನಿ ತಗ್ಗಿಸಿ 'ಹೂಂ' ಎಂದು, ಗೇರ್ ಇಳಿಸಿದೆ.